ಮಹಾಪ್ರಧಾನ ಗಂಗರಾಜನೂ ಕುವಳಾಲ ನಾಡೂ

ರಾಜಧಾನಿಯನ್ನು ತಲಕಾಡಿಗೆ ಸಾಗಿಸಿ ಶತಮಾನಗಳು ಸಂದ ಮೇಲೂ ಪಶ್ಚಿಮ ಗಂಗರು ತಮ್ಮ ಬಿರುದಾವಳಿಯಿಂದ ಕುವಳಾಲಪುರವರೇಶ್ವರ ಎಂಬ ಮಾತನ್ನು ಬಿಡಲಿಲ್ಲ. ಆ ಕುವಳಾಲವೇ ಇಂದಿನ ಕೋಲಾರ. ವಂಶವು ಎಲ್ಲಿ ಆಳಿದರೂ, ಯಾರ ಅಧೀನವಾದರೂ, ತಾನು ಕೋಲಾರದ ಒಡೆತನದವನು, ನಂದಗಿರಿಯ ನಾಥನು ಎಂದು ಹೇಳಿಕೊಳ್ಳುವುದು ಗಂಗರಸರಿಗೆ ಕುಲಗೌರವದ ವಿಷಯವಾಗಿತ್ತು. ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದಲ್ಲಿ ಸುಮಾರು 1121-22ರಲ್ಲಿ ಕಂಡರಿಸಲಾದ ಶಾಸನವು ಈ ವಂಶದ ಮೂಲವನ್ನು ಕುರಿತು ಪರಂಪರೆಯಿಂದ ಬಂದ ಕಥೆಯನ್ನು ಹೇಳುತ್ತದೆ. ದಡಿಗ ಮತ್ತು ಮಾಧವ ಎಂಬ ಇಬ್ಬರು ರಾಜಕುಮಾರರು ಪೇರೂರಿನಲ್ಲಿ ಸಿಂಹನಂದಿ ಆಚಾರ್ಯರನ್ನು ಕಂಡರು. ಆಚಾರ್ಯರ ಅನುಗ್ರಹದಿಂದ ನಂದಗಿರಿ ಅವರಿಗೆ ಕೋಟೆಯಾಯಿತು, ಕುವಳಾಲ ನಗರವಾಯಿತು, ತೊಂಬತ್ತಾರು ಸಾವಿರ ನಾಡಾಯಿತು, ಜಿನೇಂದ್ರನು ದೇವನಾದನು. ಕಥೆಯ ಐತಿಹಾಸಿಕತೆಯನ್ನು ವಿದ್ವಾಂಸರು ಚರ್ಚಿಸುತ್ತ ಬಂದಿದ್ದಾರೆ. ಆದರೆ ಹನ್ನೆರಡನೆಯ ಶತಮಾನದ ಜೈನರು ಅದನ್ನು ನಂಬಿದ್ದರು, ಮತ್ತು ಅದರೊಡನೆ ಆಚಾರ್ಯರು ವಿಧಿಸಿದರೆನ್ನಲಾದ ಷರತ್ತುಗಳನ್ನೂ ನೆನಪಿನಲ್ಲಿಟ್ಟುಕೊಂಡಿದ್ದರು ಎಂಬುದು ನಿರ್ವಿವಾದ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ರಣರಂಗದಿಂದ ಓಡಿಹೋದರೆ ನಿಮ್ಮ ಕುಲ ನಾಶವಾಗುವುದು ಎಂಬುದು ಆ ಷರತ್ತು. ಅಹಿಂಸೆಯನ್ನು ಪರಮಧರ್ಮವೆಂದು ಬೋಧಿಸುವ ಮುನಿಯು ರಣದಿಂದ ಹಿಮ್ಮೆಟ್ಟುವುದನ್ನು ಕುಲನಾಶಕ್ಕೆ ಕಾರಣವೆಂದು ಹೇಳಿದನೆಂಬ ಈ ಸಂಗತಿ ಸಾಮಾನ್ಯ ಓದುಗರನ್ನು ತಡೆದು ನಿಲ್ಲಿಸುತ್ತದೆ. ಅದಕ್ಕೆ ಉತ್ತರವನ್ನು ಗ್ರಂಥದಲ್ಲಿ ಹುಡುಕುವುದಕ್ಕಿಂತ ಒಬ್ಬ ಮನುಷ್ಯನ ಬಾಳಿನಲ್ಲಿ ಹುಡುಕುವುದು ಮೇಲು. ಆತನೇ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿ, ಮಹಾಪ್ರಧಾನನಾಗಿ, ಗಂಗವಾಡಿಯನ್ನು ಚೋಳರಿಂದ ಬಿಡಿಸಿಕೊಟ್ಟ ಗಂಗರಾಜ.

ಕೋಲಾರ ಸೀಮೆಯಲ್ಲಿ ಜಿನಧರ್ಮದ ಪ್ರಾಚೀನತೆಗೆ ಕಥೆಯನ್ನು ನೆಚ್ಚಬೇಕಾಗಿಲ್ಲ. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ, ನೆಲದಲ್ಲಿ ಹೂತುಹೋಗಿದ್ದ ಒಂದು ಪುರಾತನ ಬಸದಿಯ ಅವಶೇಷಗಳ ನಡುವೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಾಮ್ರಪಟಗಳು ದೊರೆತವು. ಗಂಗ ಮಾಧವನೂ ಅವನ ಮಗ ಅವಿನೀತನೂ ಮೂಲಸಂಘದ ಅರ್ಹದಾಯತನಗಳಿಗೆ ಕೊಟ್ಟ ದಾನಗಳ ದಾಖಲೆಗಳು ಅವು. ಮಾಧವನು ಪೆರ್ಬ್ಬೊಳಲ್ ಎಂಬಲ್ಲಿಯ ಜಿನಾಲಯಕ್ಕೆ ದತ್ತಿ ಬಿಟ್ಟನು. ಅವಿನೀತನು ತನ್ನ ಗುರು ವಿಜಯಕೀರ್ತಿಯ ಉಪದೇಶದಂತೆ ಉರನೂರಿನ ಜಿನಾಲಯಕ್ಕೆ ಒಂದು ಗ್ರಾಮವನ್ನು ಕೊಟ್ಟು, ಮತ್ತೊಂದು ಜಿನಾಲಯಕ್ಕೆ ಸುಂಕದ ಪಾಲನ್ನು ಬಿಟ್ಟುಕೊಟ್ಟನು. ಕರ್ನಾಟಕದ ಅತ್ಯಂತ ಹಳೆಯ ಜೈನ ದಾನಶಾಸನಗಳಲ್ಲಿ ಇವು ಸೇರಿವೆ. ಶ್ರವಣಬೆಳಗೊಳದ ಯಾತ್ರೆಗೆ ವರ್ಷವರ್ಷವೂ ಹೋಗುವ ಮನೆತನಗಳಲ್ಲಿ ನೊಣಮಂಗಲದ ಹೆಸರನ್ನು ಬಲ್ಲವರು ವಿರಳ. ಬಾಹುಬಲಿಯ ಮೂರ್ತಿ ಮೂಡುವುದಕ್ಕೆ ಹತ್ತಿರಹತ್ತಿರ ಐದು ಶತಮಾನಗಳ ಹಿಂದೆಯೇ ಈ ನೆಲದಲ್ಲಿ ರಾಜನೊಬ್ಬನು ಸುಂಕದ ಕಾಸನ್ನು ಎಣಿಸಿ ಜಿನಾಲಯಕ್ಕೆ ಕೊಟ್ಟಿದ್ದನೆಂಬುದನ್ನು ತಿಳಿದವರು ಇನ್ನೂ ಕಡಮೆ.

ಸಾವಿರದ ನಾಲ್ಕನೆಯ ಇಸವಿಯ ಸುಮಾರಿಗೆ ತಲಕಾಡು ಚೋಳರ ವಶವಾಗಿ ಗಂಗರಾಜ್ಯ ಕೊನೆಗೊಂಡಿತು. ಕೋಲಾರ ಸೀಮೆ ನಿಗರಿಲಿಚೋಳಮಂಡಲವೆಂಬ ಹೊಸ ಹೆಸರನ್ನು ಹೊತ್ತಿತು. ಚೋಳರು ಇಲ್ಲಿ ಕೇವಲ ದಂಡಿಟ್ಟು ಕಪ್ಪ ವಸೂಲು ಮಾಡಿದವರಲ್ಲ, ಬೇರೂರಿ ಆಳಿದವರು. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲಿನ ತಮಿಳು ಶಾಸನಗಳು ಅದಕ್ಕೆ ಸಾಕ್ಷಿ. ರಾಜೇಂದ್ರ ಚೋಳನ ಆಳ್ವಿಕೆಯಲ್ಲಿ, ಇಟ್ಟಿಗೆಯದಾಗಿದ್ದ ಆ ಗುಡಿಯನ್ನು ಅಧಿಕಾರಿ ಉತ್ತಮಚೋಳ ಬ್ರಹ್ಮಮಾರಾಯನ ಆಣತಿಯಂತೆ ಜಕ್ಕಿಯಪ್ಪನೆಂಬವನು ಕಲ್ಲಿನಲ್ಲಿ ಕಟ್ಟಿಸಿದನೆಂದು ಅಲ್ಲಿನ ಶಾಸನವೊಂದು ತಿಳಿಸುತ್ತದೆ. ಚೋಳರೆಲ್ಲರೂ ಜೈನದ್ವೇಷಿಗಳೆಂದು ಚಿತ್ರಿಸುವ ರೂಢಿಯೊಂದು ನಮ್ಮ ಕಡೆಯ ಬರಹಗಳಲ್ಲಿದೆ. ಅದು ಪೂರ್ತಿ ಸರಿಯಲ್ಲ. ತಮಿಳುನಾಡಿನ ತಿರುಮಲೈಯಲ್ಲಿ ಇಂದಿಗೂ ಇರುವ ಕುಂದವೈ ಜಿನಾಲಯ ಚೋಳ ರಾಜಕುಮಾರಿಯ ಹೆಸರನ್ನೇ ಹೊತ್ತಿದೆ. ಆದರೂ ಗಂಗರ ಆಶ್ರಯ ತಪ್ಪಿದ ಮೇಲೆ ಗಂಗವಾಡಿಯ ಬಸದಿಗಳು ಜೀರ್ಣವಾದವೆಂಬುದಕ್ಕೆ, ಮುಂದೆ ಅವುಗಳನ್ನು ಉದ್ಧರಿಸಬೇಕಾಗಿ ಬಂದುದೇ ಸಾಕ್ಷ್ಯ.

ಗಂಗರಾಜನ ಹೆಸರಿನಲ್ಲಿ ಗಂಗವಿದ್ದರೂ ಅವನು ಗಂಗರ ವಂಶದವನಲ್ಲ. ಕೌಂಡಿನ್ಯ ಗೋತ್ರದ ದ್ವಿಜ ಕುಲದಲ್ಲಿ ಹುಟ್ಟಿದವನು. ಮನೆತನದ ಧರ್ಮ ಜೈನ. ತಾತ ಮಾರಮಯ್ಯ, ಅಜ್ಜಿ ಮಾಕಣಬ್ಬೆ. ತಂದೆ ಏಚನು ಹೊಯ್ಸಳ ನೃಪಕಾಮನ ಆಶ್ರಯದಲ್ಲಿದ್ದು ಬುಧಮಿತ್ರನೆಂಬ ಹೆಸರು ಪಡೆದವನು, ಮುಳ್ಳೂರಿನ ಕನಕನಂದಿ ಆಚಾರ್ಯರ ಶಿಷ್ಯ. ತಾಯಿ ಪೋಚಿಕಬ್ಬೆ. ಈ ತಾಯಿಯ ಪ್ರಸ್ತಾಪ ಮುಂದೆ ಮತ್ತೆ ಬರುವುದು. ಮಗನ ಬಾಳಿನ ದಿಕ್ಕನ್ನು ಅರಿಯಲು ಈಕೆಯನ್ನು ಅರಿಯಬೇಕು. ಅಣ್ಣ ಬಮ್ಮದೇವನೂ ದಂಡನಾಯಕನೇ. ಹೀಗೆ ಕತ್ತಿಯೂ ಕಮಂಡಲವೂ ಒಂದೇ ಮನೆಯಲ್ಲಿ ಇದ್ದವು.

ಇಂದಿನ ಭಾಷೆಯಲ್ಲಿ ಸೇನಾಪತಿ ಬೇರೆ, ರಕ್ಷಣಾ ಸಚಿವ ಬೇರೆ. ದಂಡು ನಡೆಸಿದವನು ಸಮವಸ್ತ್ರ ಕಳಚಿದ ಮೇಲಷ್ಟೇ ಮಂತ್ರಿಯ ಪೀಠ ಏರಬಹುದು. ಹನ್ನೆರಡನೆಯ ಶತಮಾನದಲ್ಲಿ ಈ ಗಡಿ ಇರಲಿಲ್ಲ. ಮಹಾಪ್ರಚಂಡದಂಡನಾಯಕ, ಮಹಾಸಾಮಂತಾಧಿಪತಿ, ಮಹಾಪ್ರಧಾನ ಎಂಬ ಪದವಿಗಳು ಒಬ್ಬನೇ ಗಂಗರಾಜನಿಗೆ ಸಂದವು. ಯುದ್ಧ ಬೇಕೇ ಬೇಡವೇ ಎಂದು ಅರಸನಿಗೆ ಮಂತ್ರ ಹೇಳುವ ನಾಲಗೆಯೂ, ಬೇಕೆಂದಾಗ ಹೋರಾಡುವ ತೋಳೂ ಒಂದೇ ದೇಹದಲ್ಲಿದ್ದವು. ಇದರಲ್ಲಿ ಒಂದು ನ್ಯಾಯವಿತ್ತೆನ್ನಬೇಕು. ಕದನಕ್ಕೆ ಸಲಹೆ ಕೊಟ್ಟವನೇ ಕದನದ ಮುಂಚೂಣಿಯಲ್ಲಿ ನಿಲ್ಲಬೇಕಾಗಿತ್ತು. ಶಾಸನವು ಅವನನ್ನು ವಿಷ್ಣುವರ್ಧನನ ರಾಜ್ಯಾಭಿಷೇಕಕ್ಕೆ ಪೂರ್ಣಕುಂಭವಾದವನೆಂದು ಕರೆಯುತ್ತದೆ. ಅರಸನನ್ನು ಅರಸನನ್ನಾಗಿ ಮಾಡುವುದರಲ್ಲಿ ಅವನ ಕೈ ಎಷ್ಟಿತ್ತೆಂಬುದು ಆ ಒಂದು ಬಿರುದಿನಲ್ಲೇ ಅಡಗಿದೆ.

1108ರ ಸುಮಾರಿಗೆ ಪಟ್ಟವೇರಿದ ವಿಷ್ಣುವರ್ಧನನ ಕಣ್ಣು ಮೊದಲಿನಿಂದಲೂ ಗಂಗವಾಡಿಯ ಮೇಲಿತ್ತು. 1116ರಲ್ಲಿ ಗಂಗರಾಜ ತಲಕಾಡಿನ ಮೇಲೆ ನಡೆದನು. ಅಲ್ಲಿ ಚೋಳರ ಪರವಾಗಿ ಕಾವಲಿದ್ದವನು ಸಾಮಂತ ಅದಿಯಮ. ನಾಡನ್ನು ಒಪ್ಪಿಸೆಂದು ಗಂಗರಾಜ ಮೊದಲು ಹೇಳಿಕಳುಹಿಸಿದನು. ಚೋಳನು ಕೊಟ್ಟುದನ್ನು ತಾನು ಕೊಡುವುದಿಲ್ಲ, ಕಾದಿ ತೆಗೆದುಕೊ ಎಂಬುದು ಅದಿಯಮನ ಉತ್ತರವಾಯಿತು. ಕಾಳಗವಾಯಿತು, ಅದಿಯಮ ಸೋತನು. ದಾಮೋದರ, ನರಸಿಂಹವರ್ಮ ಮುಂತಾದ ಚೋಳ ಸಾಮಂತರೂ ಬೆನ್ನು ತೋರಿದರು. ಮೊದಲು ಹೇಳಿಕಳುಹಿಸಿ, ನಂತರ ಕಾದಿದ ಈ ಕ್ರಮವನ್ನು ಗಮನಿಸಬೇಕು. ಎರಡು ವರ್ಷಗಳ ತರುವಾಯ ಇದೇ ಸೇನಾನಿ ನಡೆದುಕೊಂಡ ರೀತಿಯನ್ನು ತೂಗಿ ನೋಡುವಾಗ ಇದು ಬೇಕಾಗುವುದು.

ತಲಕಾಡು ಬಿದ್ದೊಡನೆ ಮೂಡಣ ನಾಡುಗಳ ದಾರಿ ತೆರೆಯಿತು. ಇಂದು ಕೋಲಾರ, ಮಾಲೂರು, ಮುಳಬಾಗಿಲು ಎಂದೂ, ಹಿಂದೆ ಪಾಪನಪಳ್ಳಿಯಾಗಿದ್ದ ಶ್ರೀನಿವಾಸಪುರವೆಂದೂ ಹೆಸರಾಗಿರುವ ತಾಲ್ಲೂಕುಗಳ ಸೀಮೆ, ನೂರು ವರ್ಷಗಳಿಗೂ ಮಿಕ್ಕಿ ಚೋಳರ ಕೈಯಲ್ಲಿದ್ದ ಬಳಿಕ ಹೊಯ್ಸಳರ ಕಡೆಗೆ ತಿರುಗಿತು. ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡಿನ ಜೊತೆಗೆ ಕೊಂಗು, ನಂಗಲಿ, ನೊಳಂಬವಾಡಿಗಳು ಸೇರಿದವು. ಈ ನಂಗಲಿ ಮುಳಬಾಗಿಲು ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಪಲಮನೇರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಊರು. ಹೊಯ್ಸಳರ ರಾಜ್ಯದ ನಾಲ್ಕು ಎಲ್ಲೆಗಳನ್ನು ಹೇಳುವಾಗ ಶಾಸನಗಳು ಪೂರ್ವದ ಎಲ್ಲೆಯೆಂದು ಹೆಸರಿಸುವುದು ನಂಗಲಿಯ ಘಟ್ಟವನ್ನೇ. ಮುಳಬಾಗಿಲೆಂಬ ಹೆಸರೂ ಮೂಡಲ ಬಾಗಿಲು ಎಂಬುದರಿಂದ ಬಂದುದೆಂದು ಹೇಳುವರು. ಬಸ್ಸಿನ ಕಿಟಕಿಯಿಂದ ನೋಡಿ ಮರೆತುಬಿಡುವ ಒಂದು ಚಿಕ್ಕ ಊರು ಒಂದು ಕಾಲಕ್ಕೆ ಅರಸನೊಬ್ಬನ ಹೆಸರಿನ ಭಾಗವಾಗಿತ್ತು.

ತಿಗುಳರನ್ನು ಗಂಗವಾಡಿಯಿಂದ ಹೊರದೂಡಿ ಆ ನಾಡನ್ನು ವೀರಗಂಗನಾದ ವಿಷ್ಣುವರ್ಧನನಿಗೆ ಎತ್ತಿ ನಿಲ್ಲಿಸಿ ಕೊಟ್ಟವನು ಗಂಗರಾಜನೆಂದು ಬೆಳಗೊಳದ ಶಾಸನ ಕೊಂಡಾಡುತ್ತದೆ. ಅಷ್ಟರಿಂದಲೇ ಅವನು ಹಿಂದಿನ ಗಂಗರ ರಾಯನಿಗಿಂತ, ಎಂದರೆ ಚಾವುಂಡರಾಯನಿಗಿಂತ, ನೂರ್ಮಡಿ ಧನ್ಯನೆಂದೂ ಹೇಳುತ್ತದೆ. ಹೊಗಳಿಕೆಯ ಅತಿಶಯವನ್ನು ಕಳೆದು ನೋಡಿದರೂ ಹೋಲಿಕೆ ಅರ್ಥವತ್ತಾಗಿದೆ. ಚಾವುಂಡರಾಯನು ಅಸ್ತಮಿಸುತ್ತಿದ್ದ ಗಂಗರಾಜ್ಯವನ್ನು ಕೈಲಾದಷ್ಟು ಕಾಲ ತಡೆದು ನಿಲ್ಲಿಸಿದವನು. ಗಂಗರಾಜನು ಮುಳುಗಿದ್ದ ಗಂಗವಾಡಿಯನ್ನು ಮೇಲೆತ್ತಿದವನು. ತಿಗುಳರನ್ನು ಓಡಿಸಿದನೆಂಬ ಮಾತನ್ನು ಮಾತ್ರ ಇಂದು ಎಚ್ಚರದಿಂದ ಓದಬೇಕು. ಹೊರಟುಹೋದದ್ದು ಚೋಳರ ಆಡಳಿತ. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳನ್ನು ಗೆದ್ದವರು ಅಳಿಸಲಿಲ್ಲ. ಅವು ಇಂದಿಗೂ ಆ ಗೋಡೆಗಳ ಮೇಲಿವೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಆ ಸಂಗತಿಗೆ ಬೆಲೆಯಿದೆ.

ಕಠಿಣವಾದ ಪ್ರಶ್ನೆ ಹುಟ್ಟುವುದು 1118ರ ಕಣ್ಣೆಗಾಲದ ಕಾಳಗದಲ್ಲಿ. ಹೊಯ್ಸಳರು ಕಲ್ಯಾಣದ ಚಾಳುಕ್ಯರ ಸಾಮಂತರು. ವಿಷ್ಣುವರ್ಧನನು ಮಹಾಮಂಡಲೇಶ್ವರನೇ ಹೊರತು ಚಕ್ರವರ್ತಿಯಲ್ಲ. ಅವನು ತಲೆಯೆತ್ತುತ್ತಿರುವುದನ್ನು ಕಂಡ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಹನ್ನೆರಡು ಮಂದಿ ಸಾಮಂತರೊಡನೆ ದಂಡನ್ನು ಕಳುಹಿಸಿದನು. ಆ ದಂಡು ಕಣ್ಣೆಗಾಲದಲ್ಲಿ ಬೀಡುಬಿಟ್ಟಿತು. ಗಂಗರಾಜ ಇರುಳಿನಲ್ಲಿ ಆ ಬೀಡಿನ ಮೇಲೆ ಬಿದ್ದನು. ಸಾಮಂತರೆಲ್ಲ ಸೋತರು, ಅವರ ಸಾಮಗ್ರಿಯೂ ವಾಹನಗಳೂ ಹೊಯ್ಸಳನ ಪಾದಕ್ಕೆ ಬಂದವು. ತಲಕಾಡಿನಲ್ಲಿ ಮೊದಲು ಹೇಳಿಕಳುಹಿಸಿದವನು ಇಲ್ಲಿ ಹೇಳದೆ ಬಂದನು.

ಗೃಹಸ್ಥನಿಗೆ ಹಿಂಸೆಯ ನಾಲ್ಕು ಬಗೆಗಳನ್ನು ನಮ್ಮ ಆಚಾರ್ಯರು ವಿಂಗಡಿಸಿದ್ದಾರೆ. ಸಂಕಲ್ಪೀ ಹಿಂಸೆ ಸರ್ವಥಾ ವರ್ಜ್ಯ. ಅಡಿಗೆ, ಕೃಷಿ, ಕಸಬುಗಳಲ್ಲಿ ಅನಿವಾರ್ಯವಾಗಿ ಒದಗುವ ಆರಂಭೀ, ಉದ್ಯೋಗೀ ಹಿಂಸೆಗಳನ್ನು ಗೃಹಸ್ಥನು ಪೂರ್ತಿಯಾಗಿ ತಪ್ಪಿಸಲಾರ. ಎದುರಾಳಿಯಿಂದ ತನ್ನವರನ್ನು, ನಾಡನ್ನು ಕಾಯುವಾಗ ಒದಗುವುದು ವಿರೋಧೀ ಹಿಂಸೆ. ರಾಜನಿಗೂ ದಂಡನಾಯಕನಿಗೂ ಅನುಮತಿಯಿರುವುದು ಇದಕ್ಕೆ ಮಾತ್ರ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಈ ಅನುಮತಿಗೆ ಬೇಲಿ ಹಾಕಿದರು. ಯುದ್ಧದಲ್ಲಿ ಆಯುಧ ಹಿಡಿದು ನಿಂತವನ ಮೇಲೆ, ನಾಡಿಗೆ ಮುಳ್ಳಾದವನ ಮೇಲೆ ಅರಸರು ಅಸ್ತ್ರವೆತ್ತಲಿ. ದೀನರ, ಕೈಲಾಗದವರ, ಒಳಿತನ್ನು ಬಯಸುವವರ ಮೇಲೆ ಎತ್ತದಿರಲಿ ಎಂಬುದು ಅವರ ಮಾತಿನ ತಾತ್ಪರ್ಯ. ಕಣ್ಣೆಗಾಲದ ಬೀಡಿನಲ್ಲಿದ್ದವರು ನಾಡಿನ ಮೇಲೆ ಏರಿ ಬಂದವರು, ಆಯುಧವುಳ್ಳವರು; ಆದರೆ ಆ ಇರುಳಿನ ಆ ಗಳಿಗೆಯಲ್ಲಿ ಆಯುಧ ಹಿಡಿದು ನಿಂತವರೇ? ಬೇಲಿಯ ಒಳಗೋ ಹೊರಗೋ ಎಂಬುದನ್ನು ಸುಲಭವಾಗಿ ತೀರ್ಮಾನಿಸುವಂತಿಲ್ಲ. ಚಕ್ರವರ್ತಿಯ ದಂಡನ್ನು ಹಗಲಿನಲ್ಲಿ ಇದಿರಿಸಿದ್ದರೆ ಸಾಯುವವರ ಸಂಖ್ಯೆ ಹೆಚ್ಚುತ್ತಿತ್ತೆಂದು ವಾದಿಸಬಹುದು. ಹಾಗೆ ವಾದಿಸುವವನು ಪ್ರತಿ ಯುದ್ಧದಲ್ಲೂ ಅದೇ ವಾದ ಕೇಳಿಬರುವುದೆಂಬುದನ್ನು ಮರೆಯಬಾರದು.

ಇಲ್ಲಿ ಶಾಸನಕಾರನ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಇರುಳಿನಲ್ಲಿ ಬಿದ್ದ ಸಂಗತಿಯನ್ನು ಅವನು ಮರೆಮಾಚಿಲ್ಲ. ಬಸದಿಗೆ ಕೊಟ್ಟ ದಾನದ ಶಾಸನದಲ್ಲಿಯೇ, ಮುನಿಗಳ ಗುರುಪರಂಪರೆಯನ್ನು ಸ್ತುತಿಸಿದ ಅಕ್ಷರಗಳ ನಡುವೆಯೇ, ಅದನ್ನು ಕಂಡರಿಸಿದ್ದಾನೆ. ನಮ್ಮ ಹಿರಿಯರ ಚರಿತ್ರೆಯನ್ನು ಬರೆಯುವವರು ಅಂಥ ಕಡೆಗಳಲ್ಲಿ ಒಂದು ಪದರ ಸುಣ್ಣ ಬಳಿದು ಮುಂದೆ ಹೋಗುವುದುಂಟು. ಕಲ್ಲು ಹಾಗೆ ಮಾಡಲಿಲ್ಲ.

ಇನ್ನೊಂದು ತೊಡಕು ಅವನ ಬಿರುದಿನಲ್ಲಿಯೇ ಇದೆ. ಗಂಗರಾಜನ ಪ್ರಸಿದ್ಧ ಬಿರುದು ದ್ರೋಹಘರಟ್ಟ, ಎಂದರೆ ದ್ರೋಹಿಗಳನ್ನು ಅರೆಯುವ ಬೀಸುಕಲ್ಲು. ಆದರೆ ಕಲ್ಯಾಣದ ಸಿಂಹಾಸನದಿಂದ ನೋಡಿದರೆ ಒಡೆಯನ ದಂಡಿನ ಮೇಲೆ ಕೈಯೆತ್ತಿದ ವಿಷ್ಣುವರ್ಧನನೇ ದ್ರೋಹಿ. ಗಂಗರಾಜನ ನಿಷ್ಠೆ ತನ್ನ ಅನ್ನದಾತನಾದ ಹೊಯ್ಸಳನಿಗೆ, ಹೊಯ್ಸಳನ ಒಡೆಯನಿಗಲ್ಲ. ನಿಷ್ಠೆಗೆ ಎಲ್ಲಿಯಾದರೂ ಒಂದು ಕಡೆ ಬೇರಿರಬೇಕೆಂಬುದು ಆ ಕಾಲದ ನೀತಿ. ಅವನ ಬೇರು ದೋರಸಮುದ್ರದಲ್ಲಿತ್ತು.

ಗೆದ್ದು ಬಂದವನಿಗೆ ಅರಸನು, ಮೆಚ್ಚಿದೆ, ಬೇಡಿಕೊ ಎಂದನು. ಗಂಗರಾಜನ ಬಾಳಿನ ತಿರುಳು ತೆರೆಯುವುದು ಈ ಮಾತಿನ ಮುಂದೆ. ತಲಕಾಡನ್ನು ಗೆದ್ದಾಗ ಬೇಡಿದ್ದು ತಿಪ್ಪೂರು. 1117ರಲ್ಲಿ ಅದನ್ನು ಮೇಘಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದುಕೊಟ್ಟನು. ಕಣ್ಣೆಗಾಲದ ಮೆಚ್ಚಿಗೆಯಾಗಿ ಬೇಡಿದ್ದು ಪರಮವೆಂಬ ಗ್ರಾಮ. ಅದನ್ನು ತಾಯಿ ಪೋಚಿಕಬ್ಬೆಯೂ ಮಡದಿ ಲಕ್ಷ್ಮಿಯೂ ಮಾಡಿಸಿದ ಜಿನಾಲಯಗಳಿಗೆ ಬಿಟ್ಟನು. ಗೋವಿಂದವಾಡಿಯನ್ನು ಬೇಡಿ ಪಡೆದು ಗೊಮ್ಮಟದೇವರ ಪೂಜೆಗೆ ಕೊಟ್ಟನು. ಕೋಟೆಯನ್ನಾಗಲಿ, ಮಗನಿಗೆ ಒಂದು ನಾಡನ್ನಾಗಲಿ ಬೇಡಬಹುದಾಗಿತ್ತು. ಆ ಕಾಲದ ದಂಡನಾಯಕರಲ್ಲಿ ಹಾಗೆ ಬೇಡಿ ಸಾಮಂತರಾದವರು ಎಷ್ಟೋ ಮಂದಿ. ಅವನು ಬೇಡಿದ್ದು ಒಂದೊಂದು ಹಳ್ಳಿ. ಅದೂ ಕೈಯಲ್ಲಿ ಉಳಿಯದಂತೆ ಬೇಡಿದ್ದು. ಯುದ್ಧದಿಂದ ಬಂದುದು ಯೋಧನ ಮನೆಯನ್ನು ಹೊಗದೆ ನೇರವಾಗಿ ಬಸದಿಗೆ ಹೋಯಿತು. ಇದು ಕೊಂದ ಪಾಪವನ್ನು ತೊಳೆಯುವುದೆಂದು ಅವನಾಗಲಿ ಅವನ ಗುರುಗಳಾಗಲಿ ಹೇಳಿದಂತೆ ಕಾಣದು. ದಾನವು ಹಿಂಸೆಗೆ ಬೆಲೆಯಲ್ಲ. ಆದರೆ ಲೋಭಕ್ಕಾಗಿ ಕಾದಿದವನಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಸಿಗಲಾರದು. ವಿರೋಧೀ ಹಿಂಸೆ ಜಾರಿ ಸಂಕಲ್ಪೀ ಹಿಂಸೆಯಾಗುವುದು ಲೋಭದ ಮೂಲಕವೇ ಅಲ್ಲವೆ?

ವಿಂಧ್ಯಗಿರಿಯ ಮೇಲೆ ಬಾಹುಬಲಿಯ ಸುತ್ತ ಇರುವ ಸುತ್ತಾಲಯವನ್ನು ಕಟ್ಟಿಸಿದವನು ಗಂಗರಾಜ. ಮೂರ್ತಿಯ ಪಾದದ ಬಳಿ ಚಾವುಂಡರಾಯನ ಹೆಸರಿನ ಜೊತೆಯಲ್ಲಿ ಇವನ ಹೆಸರೂ ಕನ್ನಡದಲ್ಲಿ ಮತ್ತು ನಾಗರಿ ಲಿಪಿಯಲ್ಲಿ ಕೆತ್ತಲ್ಪಟ್ಟಿದೆ. ಮಹಾಮಸ್ತಕಾಭಿಷೇಕಕ್ಕೆ ಹೋದವರ ಕಣ್ಣು ಮೇಲಕ್ಕೇ ಹೋಗುವುದರಿಂದ ಸುತ್ತಾಲಯವನ್ನು ನೋಡುವವರು ಕಡಮೆ. ಚಂದ್ರಗಿರಿಯಲ್ಲಿ ಶಾಸನ ಬಸದಿ ಅವನದು. ಕತ್ತಲೆ ಬಸದಿಯನ್ನು ಅವನು ಕಟ್ಟಿಸಿದ್ದು ತಾಯಿಗಾಗಿ. ಗರ್ಭಗೃಹದ ಸುತ್ತ ಪ್ರದಕ್ಷಿಣಾಪಥವಿರುವ ಆ ಬಸದಿಯೊಳಗೆ ಬೆಳಕು ಸುಳಿಯದ ಕಾರಣ ಜನ ಇಟ್ಟ ಹೆಸರು ಅದು. ಅಲ್ಲಿಯೇ ಇರುವ ಎರಡುಕಟ್ಟೆ ಬಸದಿ ಮಡದಿ ಲಕ್ಷ್ಮಿಯದು. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ನಿರತಳಾಗಿದ್ದ ಈಕೆಯನ್ನು ಶಾಸನವು ಪತಿಗೆ ಕಾರ್ಯದಲ್ಲಿ ನೀತಿವಧು, ರಣದಲ್ಲಿ ಜಯವಧು ಎಂದು ಕೊಂಡಾಡಿದೆ. ಮಂತ್ರಾಲೋಚನೆ ಸಭೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲವೆಂದು ಇದರಿಂದ ಊಹಿಸಬಹುದು. ಬೆಟ್ಟದ ಬಡಗಲಿಗೆ ಜಿನನಾಥಪುರವೆಂಬ ಊರನ್ನೂ ಗಂಗರಾಜ ನೆಲೆಗೊಳಿಸಿದನು. ಗಂಗವಾಡಿಯಲ್ಲಿ ಎಷ್ಟು ಬಸದಿಗಳಿದ್ದವೋ ಅಷ್ಟನ್ನೂ ಅವನು ಜೀರ್ಣೋದ್ಧಾರ ಮಾಡಿಸಿದನೆಂದೂ, ತೊಂಬತ್ತಾರು ಸಾವಿರ ನಾಡು ಅವನಿಂದ ಕೊಪಣದಂತೆ ಬೆಳಗಿತೆಂದೂ ಶಾಸನಗಳು ಹೇಳುತ್ತವೆ. ಕುವಳಾಲ ನಾಡು ಆ ತೊಂಬತ್ತಾರು ಸಾವಿರದ ಒಂದು ಭಾಗ.

ಇದೇ ಕಾಲದಲ್ಲಿ ಇದೇ ಅರಸನಲ್ಲಿ ಸಂಧಿವಿಗ್ರಹಿಯಾಗಿದ್ದ ಪುಣಿಸಮಯ್ಯನೂ ಜೈನ. ಸಂಧಿ ಮತ್ತು ವಿಗ್ರಹ, ಎಂದರೆ ಒಪ್ಪಂದ ಮತ್ತು ಯುದ್ಧ, ಎರಡನ್ನೂ ನೋಡಿಕೊಳ್ಳುವ ಪದವಿ ಅದು. ಇಂದಿನ ರಕ್ಷಣಾ ಮಂತ್ರಿಯ ಪದವಿಗೆ ಹೆಚ್ಚು ಹತ್ತಿರವಾದುದು. ನೀಲಗಿರಿಯವರೆಗೂ ದಂಡು ನಡೆಸಿದ ಇವನ 1117ರ ಚಾಮರಾಜನಗರದ ಶಾಸನದಲ್ಲಿ ಒಂದು ಅಪರೂಪದ ಮಾತಿದೆ. ಬಂಡವಾಳ ಕಳೆದುಕೊಂಡ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಬೇಡರ ಒಡೆಯನಿಗೆ ಅವರವರು ಕಳೆದುಕೊಂಡುದನ್ನು ಇವನು ಕೊಟ್ಟು ಸಲಹಿದನಂತೆ. ದಂಡು ಹಾದುಹೋದ ಮೇಲೆ ನಾಡಿನಲ್ಲಿ ಏನು ಉಳಿಯುವುದೆಂಬುದನ್ನು ಬಲ್ಲ ಮಂತ್ರಿಯ ಮಾತು ಇದು. ಯುದ್ಧಶಾಸನಗಳಲ್ಲಿ ಕಡಿದ ತಲೆಗಳ ಲೆಕ್ಕ ಸಿಗುವಷ್ಟು ಸುಲಭವಾಗಿ ಬಿತ್ತನೆ ಬೀಜದ ಪ್ರಸ್ತಾಪ ಸಿಗುವುದಿಲ್ಲ.

ವಿಷ್ಣುವರ್ಧನನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂಬ ಸಂಪ್ರದಾಯವು ಎಲ್ಲರಿಗೂ ತಿಳಿದುದು. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಬಸದಿಗಳನ್ನು ಅರಸನು ಕೆಡವಿಸಿದನೆಂಬ ಮುಂದಿನ ಕಾಲದ ಕಥೆಗಳಿಗೆ ಅವನ ಕಾಲದ ಶಾಸನಗಳ ಬೆಂಬಲವಿಲ್ಲ. ಬೇಲೂರಿನ ಗುಡಿ ಎದ್ದ ಆ ಒಂದೆರಡು ವರ್ಷಗಳಲ್ಲಿಯೇ ಅದೇ ಅರಸನು ಜೈನ ಮಹಾಪ್ರಧಾನನಿಗೆ ಹಳ್ಳಿಗಳನ್ನು ಕೊಡುತ್ತಿದ್ದನು, ಅವು ಬಸದಿಗೆ ಹೋಗುವುವೆಂದು ತಿಳಿದೇ ಕೊಡುತ್ತಿದ್ದನು. ಪಟ್ಟದರಸಿ ಶಾಂತಲೆ ಜಿನಭಕ್ತೆಯಾಗಿಯೇ ಬಾಳಿ 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟಳು. ಅರಸನ ಒಲವು ಬದಲಾದುದಕ್ಕೆ ಮಂತ್ರಿ ಧರ್ಮ ಬದಲಿಸಲಿಲ್ಲ. ಮಂತ್ರಿ ಬದಲಿಸಲಿಲ್ಲವೆಂದು ಅರಸನು ಅವನನ್ನು ದೂರಮಾಡಲಿಲ್ಲ. ದಿಟ್ಟತನ ಎರಡೂ ಕಡೆ ಇತ್ತು.

ವಿಜಯಗಳು ಮುಗಿದ ಕೂಡಲೇ ಮನೆಯಲ್ಲಿ ಸಾವುಗಳು ಬಂದವು. 1121ರಲ್ಲಿ ತಾಯಿ ಪೋಚಿಕಬ್ಬೆ ಸಲ್ಲೇಖನ ವ್ರತದಿಂದ ಬೆಳಗೊಳದಲ್ಲಿ ಸಮಾಧಿಮರಣ ಹೊಂದಿದಳು. ಮಡದಿ ಲಕ್ಷ್ಮಿಯೂ ಅದೇ ಸುಮಾರಿಗೆ ಅದೇ ದಾರಿ ಹಿಡಿದಳು. 1123ರಲ್ಲಿ ಗುರುಗಳಾದ ಶುಭಚಂದ್ರ ಸಿದ್ಧಾಂತದೇವರು ತೀರಿಕೊಂಡರು. ಮೂವರಿಗೂ ಗಂಗರಾಜ ನಿಷಿಧಿ ನಿಲ್ಲಿಸಿದನು. ಹನ್ನೆರಡು ಸಾಮಂತರ ಬೀಡನ್ನು ಒಂದು ಇರುಳಿನಲ್ಲಿ ಒಡೆದವನು, ತನ್ನ ಮನೆಯ ಇಬ್ಬರು ಹೆಂಗಸರು ಆಹಾರವನ್ನು ಒಂದೊಂದಾಗಿ ತ್ಯಜಿಸಿ, ಎಲ್ಲ ಜೀವಗಳಲ್ಲಿಯೂ ಕ್ಷಮೆ ಬೇಡಿ, ಯಾರಿಗೂ ನೋವು ಮಾಡದೆ ದೇಹವನ್ನು ಬಿಟ್ಟುದನ್ನು ಕಂಡನು. ಶಾಸನಗಳು ಅವರ ವ್ರತವನ್ನು ಹೊಗಳುತ್ತವೆ. ನಿಂತು ನೋಡಿದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಹೇಳುವುದಿಲ್ಲ. ಒಂದೇ ಮನೆಯಲ್ಲಿ ಸಾವಿನ ಎರಡು ಬಗೆಗಳು ಹೀಗೆ ಮುಖಾಮುಖಿ ನಿಂತವು.

ಗಂಗರಾಜನ ಮನಸ್ಸಿಗೆ ತೀರ ಹತ್ತಿರ ಒಯ್ಯುವ ಬರಹ ಹಳೇಬೀಡಿನಲ್ಲಿದೆ. ನರಕಗಳು ಏಳೆಂದು ಆಗಮ ಹೇಳುತ್ತದೆ. ಆದರೆ ಗಂಗರಾಜನಿಗೆ ಏಳು ನರಕಗಳು ಬೇರೆಯೇ ಎಂದು ಆ ಶಾಸನದ ಕವಿ ಎಣಿಸುತ್ತಾನೆ. ಹುಸಿ ನುಡಿಯುವುದು ಅವನಿಗೆ ನರಕ. ಕಾಳಗದಲ್ಲಿ ಅಂಜುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಹಗೆಗೆ ಒಪ್ಪಿಸುವುದು, ಬೇಡಿದವರನ್ನು ತಣಿಸದೆ ಕಳುಹಿಸುವುದು, ಹೊಣೆಹೊತ್ತವರನ್ನು ನಡುನೀರಿನಲ್ಲಿ ಬಿಡುವುದು, ಒಡೆಯನಿಗೆ ದ್ರೋಹ ಬಗೆಯುವುದು, ಇವು ಉಳಿದ ಆರು. ಕಲ್ಲೂರುಗುಡ್ಡದ ಶಾಸನದಲ್ಲಿ ಸಿಂಹನಂದಿಗಳ ಬಾಯಿಂದ ಬಂದ ಷರತ್ತುಗಳ ಪಕ್ಕದಲ್ಲಿ ಇವನ್ನು ಇಟ್ಟು ನೋಡಿದರೆ ಮಾತು, ಪರಸ್ತ್ರೀ, ದಾನ, ರಣ ಎಂಬ ನಾಲ್ಕು ಎರಡರಲ್ಲಿಯೂ ಕೂಡುತ್ತವೆ. ಎರಡು ಶಾಸನಗಳ ನಡುವೆ ಇರುವ ಅಂತರ ಹನ್ನೆರಡು ವರ್ಷಗಳಷ್ಟೇ. ಕುವಳಾಲದ ಒಡೆಯರಿಗೆ ವಿಧಿಸಿದ್ದೆಂದು ಜನ ನಂಬಿದ್ದ ಧರ್ಮವು, ಕುವಳಾಲವನ್ನು ಮರಳಿ ತಂದ ಕಾಲದ ದಂಡನಾಯಕನ ಬಾಳಿನಲ್ಲಿ ಇನ್ನೂ ನಡೆಯುತ್ತಿತ್ತು. ಹೊಸದಾಗಿ ಸೇರಿದುದು ಮರೆಹೊಕ್ಕವರ ಮಾತು. ಗಡಿನಾಡುಗಳಲ್ಲಿ ಬಹುಕಾಲ ಕಾದಾಡಿದವನಿಗೆ ಅದರ ತೂಕ ತಿಳಿದಿರಬೇಕು. ಹಿಂಸೆಯನ್ನು ಕುರಿತ ನರಕವೊಂದು ಈ ಪಟ್ಟಿಯಲ್ಲಿ ಇಲ್ಲವೆಂಬುದನ್ನೂ ಓದುಗರು ಗಮನಿಸದಿರಲಾರರು. ಅದನ್ನು ಬಿಟ್ಟದ್ದು ಕವಿಯೋ, ತನ್ನ ಕೈಗಳನ್ನು ತಾನು ಬಲ್ಲ ದಂಡನಾಯಕನೋ, ಶಾಸನ ಸುಮ್ಮನಿದೆ.

ಅವನ ಕಾಲದ ಜನ ಮಾತ್ರ ಅವನನ್ನು ಪವಾಡಪುರುಷರ ಸಾಲಿನಲ್ಲಿ ಕೂಡಿಸಿದರು. ಹಿಂದೆ ಅತ್ತಿಮಬ್ಬೆಗಾಗಿ ಗೋದಾವರಿ ನಿಂತಂತೆ, ಉಕ್ಕಿ ಬಂದು ಸುತ್ತುವರಿದ ಕಾವೇರಿ ಗಂಗರಾಜನನ್ನು ಮುಟ್ಟಲಿಲ್ಲವೆಂದು ಬೆಳಗೊಳದ ಕಲ್ಲು ಹೇಳುತ್ತದೆ. ಜಿನಶಾಸನವನ್ನು ನೆಲೆಗೊಳಿಸಿದವರು ಯಾರೆಂದರೆ ಮೊದಲು ರಾಚಮಲ್ಲನ ಮಂತ್ರಿ ರಾಯ, ಆ ಮೇಲೆ ವಿಷ್ಣುವಿನ ಮಂತ್ರಿ ಗಂಗ, ಅನಂತರ ನರಸಿಂಹನ ಮಂತ್ರಿ ಹುಳ್ಳ ಎಂದು 1159ರ ಭಂಡಾರಿ ಬಸದಿಯ ಶಾಸನ ಎಣಿಸಿತು. ಮೂವರೂ ರಾಜ್ಯಭಾರದ ಹೊರೆ ಹೊತ್ತವರು. ಆ ಸಾಲಿನಲ್ಲಿ ಅರಸರಿಲ್ಲ.

ಗಂಗರಾಜ 1133ರಲ್ಲಿ ತೀರಿಕೊಂಡನು. ಮಗ ಬೊಪ್ಪದೇವನು ತಂದೆಯ ನ


ೆನಪಿಗಾಗಿ ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, ಪಾರ್ಶ್ವನಾಥನ ಜಿನಾಲಯವನ್ನು ಕಟ್ಟಿಸಿ ಅದಕ್ಕೆ ತಂದೆಯ ಬಿರುದನ್ನೇ ಇಟ್ಟು ದ್ರೋಹಘರಟ್ಟ ಜಿನಾಲಯವೆಂದು ಕರೆದನು. ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ಶೇಷಾಕ್ಷತೆಯನ್ನು ಹಿಡಿದು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ವಿಷ್ಣುವರ್ಧನನು ಆಗಷ್ಟೇ ತನ್ನ ಮೇಲೆ ಏರಿ ಬಂದ ಮಸಣನನ್ನು ಕೊಂದು ಗೆದ್ದಿದ್ದನು. ರಾಣಿ ಲಕ್ಷ್ಮೀಮಹಾದೇವಿಗೆ ಮಗ ಹುಟ್ಟಿದ ಸುದ್ದಿಯೂ ಅದೇ ಸಮಯಕ್ಕೆ ಬಂದಿತ್ತು. ಅರಸನು ಬಂದವರನ್ನು ಕಂಡು ಎದ್ದು ಕೈಮುಗಿದು ಗಂಧೋದಕವನ್ನೂ ಶೇಷೆಯನ್ನೂ ಸ್ವೀಕರಿಸಿದನು. ಈ ದೇವರ ಪ್ರತಿಷ್ಠೆಯ ಫಲದಿಂದಲೇ ತನಗೆ ವಿಜಯವೂ ಮಗನೂ ದೊರೆತರೆಂದು ಹೇಳಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ಜಿನಾಲಯಕ್ಕೆ ದತ್ತಿಯಾಗಿ ಕೊಟ್ಟನು. ಕನ್ನಡಿಯಂತೆ ಹೊಳೆಯುವ ಕಂಬಗಳ ಆ ಬಸದಿಯನ್ನು ಊರವರು ಪಾರ್ಶ್ವನಾಥ ಬಸದಿ ಎನ್ನುತ್ತಾರೆ. ದ್ರೋಹಘರಟ್ಟನ ಹೆಸರು ಶಾಸನದಲ್ಲಿ ಮಾತ್ರ ಇದೆ.